ಮರೆವು: ತಪ್ಪೇ, ಶಾಪವೇ, ರೋಗವೇ?

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ಕನ್ನಡ ನಾಡಿನ ಎಲ್ಲ ಮನೆಗಳಲ್ಲೂ ಒಂದಲ್ಲ ಒಂದು ದಿನ ಕೇಳಿಬರುತ್ತದೆ. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಮನೆಯನ್ನೆಲ್ಲ ತಡಕುವ ಅಜ್ಜ, ಒಲೆಯ ಮೇಲೆ ಹಾಲಿಟ್ಟು ಬಾಗಿಲಲ್ಲಿ ಮಾತಿಗೆ ನಿಂತ ಸೊಸೆ, ಕೊಡೆ ಹಿಡಿದು ಹೋಗಿ ಬರಿಗೈಯಲ್ಲಿ ಮರಳುವ ಮೇಷ್ಟರು, ಇವರನ್ನೆಲ್ಲ ಕಂಡು ನಗುವುದು ಸುಲಭ. ಆದರೆ ಈ ನಗೆ ಬಹಳ ಹೊತ್ತು ಉಳಿಯುವಂಥದಲ್ಲ. ಅಮ್ಮನ ಔಷಧಿಯನ್ನು ತರಲು ಮರೆತು ಬಂದ ಮಗನನ್ನು ಅಕ್ಕ ಕೇಳುವ ಮೊದಲ ಮಾತು, 'ಅಮ್ಮನ ಮೇಲೆ ನಿನಗಿರುವ ಅಕ್ಕರೆ ಇಷ್ಟೇ ಏನೋ?' ಎಂಬುದು. 'ಮರೆತುಹೋಯಿತಕ್ಕಾ' ಎಂಬ ಅವನ ಉತ್ತರ ಯಾರಿಗೂ ಸಮಾಧಾನ ಕೊಡುವುದಿಲ್ಲ. ನೆನಪಿಗೆ ಸಂಬಂಧಿಸಿದ ಸಂಗತಿ ಹೀಗೆ ನೋಡನೋಡುತ್ತಲೇ ಪ್ರೀತಿಯ ಮತ್ತು ಕರ್ತವ್ಯದ ಪ್ರಶ್ನೆಯಾಗಿ ಬಿಡುತ್ತದೆ.

ಮರೆತವನು ತಪ್ಪಿತಸ್ಥನೇ? ಹೌದಾದರೆ ಎಷ್ಟರ ಮಟ್ಟಿಗೆ? ಅಲ್ಲವಾದರೆ ಮರೆಯಲ್ಪಟ್ಟವರ ನೋವಿಗೆ ಯಾರು ಹೊಣೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮೊದಲು ಎರಡು ಶಬ್ದಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಂದು 'ಮರೆವು', ಇನ್ನೊಂದು 'ಅನವಧಾನ'. ದಿನದ ಮಾತಿನಲ್ಲಿ ಎರಡನ್ನೂ ಒಂದೇ ಎಂಬಂತೆ ಬಳಸಲಾಗುತ್ತದೆ. ವಾಸ್ತವವಾಗಿ ಮರೆವೆಂದರೆ ಮನಸ್ಸಿನೊಳಗೆ ಇದ್ದುದು ಬೇಕಾದಾಗ ಕೈಗೆ ಸಿಗದಿರುವುದು. ಅನವಧಾನವೆಂದರೆ ಮನಸ್ಸು ಬೇರೆಲ್ಲೋ ಇದ್ದುದರಿಂದ ಸಂಗತಿ ಒಳಗೆ ಹೋಗದೆಯೇ ಉಳಿಯುವುದು, ಅಥವಾ ಒಳಗಿದ್ದರೂ ಸರಿಯಾದ ಗಳಿಗೆಯಲ್ಲಿ ಅದರ ಕಡೆ ಗಮನ ತಿರುಗದಿರುವುದು. ಪೆಟ್ಟಿಗೆಯಲ್ಲಿಟ್ಟ ಒಡವೆ ಹುಡುಕುವಾಗ ಸಿಗದಿರುವುದು ಒಂದು. ಒಡವೆಯನ್ನು ಪೆಟ್ಟಿಗೆಯಲ್ಲಿ ಇಡದೆಯೇ ಇದ್ದುದು ಇನ್ನೊಂದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ: ಒಡವೆ ಇಲ್ಲ.

ಈ ಎರಡನ್ನೂ ಒಂದೇ ಕಥೆಯಲ್ಲಿ ಎದುರುಬದುರಾಗಿ ನಿಲ್ಲಿಸಿದ ಕೃತಿಯೊಂದು ಭಾರತೀಯ ಸಾಹಿತ್ಯದಲ್ಲಿದೆ. ಅದು ಕಾಳಿದಾಸನ 'ಅಭಿಜ್ಞಾನ ಶಾಕುಂತಲ'. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಚುರಮುರಿ ಶೇಷಗಿರಿರಾಯರು ಮತ್ತು ಬಸವಪ್ಪ ಶಾಸ್ತ್ರಿಗಳು ಇದನ್ನು ಕನ್ನಡಕ್ಕೆ ತಂದುದರಿಂದ ಕಥೆ ಕನ್ನಡಿಗರಿಗೆ ಹೊಸದಲ್ಲ. ಕಣ್ವರ ಆಶ್ರಮದಲ್ಲಿ ಶಕುಂತಲೆಯನ್ನು ಗಾಂಧರ್ವ ವಿಧಿಯಿಂದ ವರಿಸಿದ ದುಷ್ಯಂತ ತನ್ನ ಹೆಸರಿನ ಉಂಗುರವನ್ನು ಕೊಟ್ಟು ರಾಜಧಾನಿಗೆ ಮರಳುತ್ತಾನೆ. ಅವನದೇ ಚಿಂತೆಯಲ್ಲಿ ಮುಳುಗಿದ ಶಕುಂತಲೆಗೆ ಬಾಗಿಲಿಗೆ ಬಂದ ದೂರ್ವಾಸರ ಕೂಗು ಕೇಳಿಸುವುದಿಲ್ಲ. ಅತಿಥಿಯನ್ನು ಕಡೆಗಣಿಸಿದಳೆಂದು ಸಿಟ್ಟಾದ ಮುನಿ, ಯಾರನ್ನು ನೆನೆಯುತ್ತ ನೀನು ನನ್ನನ್ನು ಗಮನಿಸಲಿಲ್ಲವೋ ಅವನು ನಿನ್ನನ್ನು ಮರೆಯಲಿ ಎಂದು ಶಪಿಸಿ ಹೊರಡುತ್ತಾನೆ. ಗೆಳತಿ ಪ್ರಿಯಂವದೆ ಓಡಿಹೋಗಿ ಬೇಡಿಕೊಂಡಾಗ, ಗುರುತಿನ ಆಭರಣವನ್ನು ಕಂಡರೆ ಶಾಪ ಕಳೆಯುತ್ತದೆ ಎಂಬ ರಿಯಾಯಿತಿ ದೊರೆಯುತ್ತದೆ.

ಇಲ್ಲಿ ಶಕುಂತಲೆಯದು ಅನವಧಾನ, ದುಷ್ಯಂತನದು ಮರೆವು. ಕಾಳಿದಾಸ ಅಪರಾಧಕ್ಕೆ ತಕ್ಕ ಶಿಕ್ಷೆಯನ್ನು ಎಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದಾನೆಂದರೆ, ಅನವಧಾನಕ್ಕೆ ದಂಡವಾಗಿ ಮರೆವೇ ಬಂದೊದಗುತ್ತದೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ ಈ ಶಾಪವಾಗಲಿ ಉಂಗುರವಾಗಲಿ ಮಹಾಭಾರತದ ಆದಿಪರ್ವದಲ್ಲಿ ಬರುವ ಶಕುಂತಲೋಪಾಖ್ಯಾನದಲ್ಲಿ ಇಲ್ಲ. ವ್ಯಾಸರ ದುಷ್ಯಂತ ಏನನ್ನೂ ಮರೆತಿಲ್ಲ. ಮಗನನ್ನು ಕರೆದುಕೊಂಡು ಬಂದ ಶಕುಂತಲೆಯನ್ನು ಅವನು ಚೆನ್ನಾಗಿ ನೆನಪಿದ್ದೂ ನೆನಪಿಲ್ಲವೆನ್ನುತ್ತಾನೆ. ಅಶರೀರವಾಣಿ ಸತ್ಯವನ್ನು ಸಾರಿದ ಮೇಲೆ, ಪ್ರಜೆಗಳು ಸಂಶಯಪಡಬಾರದೆಂದು ಹಾಗೆ ನಡೆದುಕೊಂಡೆ ಎಂದು ಸಮಜಾಯಿಷಿ ಹೇಳುತ್ತಾನೆ. ಮರೆತಂತೆ ನಟಿಸುವುದಕ್ಕೂ ಮರೆಯುವುದಕ್ಕೂ ಇರುವ ಅಂತರ ಎಂಥದು ಎಂಬುದನ್ನು ಈ ಎರಡು ದುಷ್ಯಂತರು ತೋರಿಸುತ್ತಾರೆ. ಮೊದಲನೆಯವನನ್ನು ಓದುಗ ಸುಲಭವಾಗಿ ಕ್ಷಮಿಸಲಾರ. ಎರಡನೆಯವನ ಬಗ್ಗೆ ಮರುಕ ಹುಟ್ಟುತ್ತದೆ. ಶಕುಂತಲೆಯ ಪಾಲಿಗೆ ಬಂದ ಅವಮಾನ ಮಾತ್ರ ಎರಡರಲ್ಲೂ ಒಂದೇ.

ಮೊದಲು ಅನವಧಾನವನ್ನು ನೋಡಬಹುದು. ಈ ಪದವನ್ನು ಬಿಡಿಸಿದರೆ 'ಅವಧಾನವಿಲ್ಲದಿರುವುದು' ಎಂದಾಗುತ್ತದೆ. ಅವಧಾನವೆಂದರೆ ಗಮನ. ಕನ್ನಡ ನಾಡಿನಲ್ಲಿ ಇಂದಿಗೂ ಜೀವಂತವಾಗಿರುವ ಅಷ್ಟಾವಧಾನ, ಶತಾವಧಾನ ಕಲೆಗಳನ್ನು ಜನ ನೆನಪಿನ ಪವಾಡವೆಂದು ಮೆಚ್ಚುತ್ತಾರೆ. ಆದರೆ ಅವುಗಳ ಹೆಸರಿನಲ್ಲಿ ಇರುವುದು ನೆನಪಲ್ಲ, ಗಮನ. ಎಂಟು ಮಂದಿ ಪೃಚ್ಛಕರು ಸುತ್ತ ಕುಳಿತು ಸಮಸ್ಯೆ, ದತ್ತಪದಿ, ನಿಷೇಧಾಕ್ಷರಿಗಳನ್ನು ಒಡ್ಡುತ್ತಾರೆ. ಅವರ ನಡುವೆ ಒಬ್ಬನಿಗೆ ವಿಚಿತ್ರವಾದ ಕೆಲಸವಿದೆ. ಅವನು ಸಮಯ ಸಂದರ್ಭ ನೋಡದೆ ಅಸಂಬದ್ಧ ಪ್ರಶ್ನೆಗಳನ್ನು ಎಸೆದು ಅವಧಾನಿಯ ಮನಸ್ಸನ್ನು ಬೇರೆಡೆಗೆ ಸೆಳೆಯಬೇಕು. ಇದಕ್ಕೆ 'ಅಪ್ರಸ್ತುತ ಪ್ರಸಂಗ' ಎಂದು ಹೆಸರು. ಸಭಿಕರಿಗೆ ಇದು ಹಾಸ್ಯದ ಭಾಗ. ಆದರೆ ಈ ಅಂಗವನ್ನು ರೂಢಿಗೆ ತಂದವರಿಗೆ ಒಂದು ಸತ್ಯ ಚೆನ್ನಾಗಿ ಗೊತ್ತಿತ್ತು: ನೆನಪನ್ನು ಕೆಡಿಸಬೇಕಾದರೆ ನೆನಪಿನ ಮೇಲೆ ಕೈಹಾಕಬೇಕಿಲ್ಲ, ಗಮನವನ್ನು ಕದ್ದರೆ ಸಾಕು.

ಆಧುನಿಕ ಮನಶ್ಶಾಸ್ತ್ರವೂ ಇದನ್ನೇ ಹೇಳುತ್ತದೆ. ಕಣ್ಣಿಗೆ ಬಿದ್ದದ್ದೆಲ್ಲ, ಕಿವಿಗೆ ಬಿದ್ದದ್ದೆಲ್ಲ ನೆನಪಾಗಿ ಉಳಿಯುವುದಿಲ್ಲ. ಗಮನವೆಂಬ ಹೊಸ್ತಿಲನ್ನು ದಾಟಿದ್ದು ಮಾತ್ರ ಒಳಗೆ ಗಟ್ಟಿಯಾಗಿ ನೆಲೆಸುತ್ತದೆ. ಬೀಗದ ಕೈಯನ್ನು ಇಡುವಾಗ ಮನಸ್ಸು ಬ್ಯಾಂಕಿನ ಸಾಲದ ಕಂತಿನ ಮೇಲಿದ್ದರೆ, ಅದನ್ನು ಇಟ್ಟ ಜಾಗ 'ಮರೆತುಹೋಗುವುದಿಲ್ಲ'. ಅದು ಮನಸ್ಸಿಗೆ ಬಂದೇ ಇರುವುದಿಲ್ಲ. ಆದ್ದರಿಂದ 'ಎಲ್ಲಿಟ್ಟೆ, ಜ್ಞಾಪಿಸಿಕೊಳ್ಳಿ' ಎಂದು ಹೆಂಡತಿ ಎಷ್ಟು ಒತ್ತಾಯಿಸಿದರೂ ಗಂಡನಿಗೆ ಅದು ಜ್ಞಾಪಕಕ್ಕೆ ಬರುವ ಸಂಭವ ಕಡಿಮೆ. ಬರೆಯದೆ ಬಿಟ್ಟ ಹಾಳೆಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅಕ್ಷರ ಮೂಡುವುದಿಲ್ಲ.

ಅನವಧಾನಕ್ಕೆ ಅಭ್ಯಾಸಬಲ ದೊಡ್ಡ ಕಾರಣ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ತನ್ನ ಹೆಸರಾಂತ ಗ್ರಂಥದಲ್ಲಿ, ಔತಣಕ್ಕೆ ಹೊರಡಲು ಬಟ್ಟೆ ಬದಲಿಸಲೆಂದು ಮಲಗುವ ಕೋಣೆಗೆ ಹೋಗಿ, ಒಂದೊಂದೇ ಉಡುಪನ್ನು ಕಳಚುತ್ತ ಕೊನೆಗೆ ಹಾಸಿಗೆ ಸೇರಿ ಮಲಗಿಬಿಡುವವರ ಪ್ರಸ್ತಾಪ ಮಾಡಿದ್ದಾನೆ. ಬ್ರಿಟನ್ನಿನ ಜೇಮ್ಸ್ ರೀಸನ್ 1970ರ ದಶಕದ ಕೊನೆಯಲ್ಲಿ ಸಾಮಾನ್ಯ ಜನರಿಗೆ ದಿನಚರಿ ಪುಸ್ತಕ ಕೊಟ್ಟು, ದಿನನಿತ್ಯ ತಾವು ಮಾಡುವ ಎಡವಟ್ಟುಗಳನ್ನು ಬರೆದಿಡಲು ಹೇಳಿದ. ಸಂಗ್ರಹವಾದ ತಪ್ಪುಗಳಲ್ಲಿ ಒಂದು ಕ್ರಮ ಕಂಡುಬಂತು. ಅವು ಹೆಚ್ಚಾಗಿ ನಡೆಯುವುದು ಹೊಸ ಕೆಲಸಗಳಲ್ಲಿ ಅಲ್ಲ; ಕೈಗೆ ಪಳಗಿದ, ಯೋಚಿಸದೆಯೇ ಮಾಡಬಲ್ಲ ಕೆಲಸಗಳಲ್ಲಿ. ಪಳಗಿದ ಕೈಗೆ ಮನಸ್ಸಿನ ಮೇಲ್ವಿಚಾರಣೆ ಬೇಕಿಲ್ಲ. ಬಿಡುವು ಸಿಕ್ಕ ಮನಸ್ಸು ತಿರುಗಾಟಕ್ಕೆ ಹೋಗುತ್ತದೆ. ಕಚೇರಿಯಿಂದ ಬರುವಾಗ ಅಂಚೆ ಡಬ್ಬಿಗೆ ಕಾಗದ ಹಾಕಬೇಕೆಂದುಕೊಂಡವನು ಕಾಗದವನ್ನು ಕಿಸೆಯಲ್ಲಿಟ್ಟುಕೊಂಡೇ ಮನೆ ಸೇರುವುದು ಹೀಗೆ. ಕಾಲಿಗೆ ದಿನದ ದಾರಿ ಗೊತ್ತು. ಇಂದಿನ ಕೆಲಸ ಗೊತ್ತಿಲ್ಲ.

ಇದು ದಡ್ಡರ ಲಕ್ಷಣವೂ ಅಲ್ಲ, ವಸ್ತುವಿನ ಮೇಲೆ ಅಕ್ಕರೆ ಇಲ್ಲದವರ ಲಕ್ಷಣವೂ ಅಲ್ಲ. 1999ರ ಅಕ್ಟೋಬರಿನಲ್ಲಿ ಪ್ರಸಿದ್ಧ ಚೆಲ್ಲೋ ವಾದಕ ಯೋ-ಯೋ ಮಾ ನ್ಯೂಯಾರ್ಕಿನಲ್ಲಿ ಟ್ಯಾಕ್ಸಿಯಿಂದ ಇಳಿದು ಹೊರಟುಹೋದರು. ಅವರ ವಾದ್ಯ ಟ್ಯಾಕ್ಸಿಯ ಹಿಂಬದಿಯ ಡಿಕ್ಕಿಯಲ್ಲೇ ಉಳಿಯಿತು. ಅದು 1733ರಲ್ಲಿ ತಯಾರಾದ, ಸುಮಾರು 25 ಲಕ್ಷ ಡಾಲರ್ ಬೆಲೆಯ ಚೆಲ್ಲೋ. ಅದೃಷ್ಟವಶಾತ್ ಅಂದೇ ಅದು ಸಿಕ್ಕಿತು. ತನ್ನ ಬದುಕಿನ ಆಧಾರವಾದ ವಾದ್ಯವನ್ನು ಆ ಕಲಾವಿದ ಪ್ರೀತಿಸುತ್ತಿರಲಿಲ್ಲ ಎಂದು ಯಾರೂ ಹೇಳಲಾರರು. ಅಮ್ಮನ ಔಷಧಿ ಮರೆತ ಮಗನಿಗೆ ಈ ರಿಯಾಯಿತಿ ಸಿಗುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಇನ್ನು ಮರೆವು. ಇದನ್ನು ಅಳೆದು ನೋಡುವ ಸಾಹಸವನ್ನು ಮೊದಲಿಗೆ ಮಾಡಿದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ಮಾಡಿಕೊಂಡು, ತನ್ನ ಮೇಲೆಯೇ ಪ್ರಯೋಗ ನಡೆಸಿ, ಫಲಿತಾಂಶವನ್ನು 1885ರಲ್ಲಿ ಪ್ರಕಟಿಸಿದ. ಬಾಯಿಪಾಠ ಮಾಡಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಂದು ಗಂಟೆಯೊಳಗೆ ಜಾರಿಹೋಗುತ್ತದೆ. ಆಮೇಲೆ ಜಾರುವ ವೇಗ ತಗ್ಗುತ್ತದೆ. ಒಂದು ತಿಂಗಳ ನಂತರವೂ ಐದನೆಯ ಒಂದು ಭಾಗದಷ್ಟು ಉಳಿದಿರುತ್ತದೆ ಎಂದು ಅವನು ಕಂಡುಕೊಂಡ. ಪಾಠವನ್ನು ಒಂದೇ ಸಲಕ್ಕೆ ಉರು ಹೊಡೆಯುವುದಕ್ಕಿಂತ ಬಿಡುವು ಬಿಟ್ಟು ಹಲವು ದಿನ ಓದಿದರೆ ಹೆಚ್ಚು ಉಳಿಯುತ್ತದೆ ಎಂಬುದನ್ನೂ ತೋರಿಸಿದ. 1924ರಲ್ಲಿ ಅಮೆರಿಕದ ಜೆಂಕಿನ್ಸ್ ಮತ್ತು ಡ್ಯಾಲೆನ್‌ಬಾಕ್, ಓದಿದ ಮೇಲೆ ನಿದ್ದೆ ಮಾಡಿದವರು ಎಚ್ಚರವಾಗಿದ್ದವರಿಗಿಂತ ಕಡಿಮೆ ಮರೆಯುತ್ತಾರೆಂದು ವರದಿ ಮಾಡಿದರು. ಅಂದರೆ ಕಾಲ ಕಳೆದುದರಿಂದ ಮಾತ್ರವೇ ನೆನಪು ಮಾಸುವುದಿಲ್ಲ. ಆಮೇಲೆ ಬಂದ ಸಂಗತಿಗಳು ಮೊದಲಿನದರ ಮೇಲೆ ಮುಗಿಬೀಳುವುದರಿಂದಲೂ ಮಾಸುತ್ತದೆ.

ಆದರೆ ಮರೆತದ್ದೆಲ್ಲ ಅಳಿಸಿಹೋಗಿದೆ ಎಂದು ಭಾವಿಸಬೇಕಿಲ್ಲ. ಪರಿಚಿತರೊಬ್ಬರ ಹೆಸರು ನಾಲಿಗೆಯ ತುದಿಯಲ್ಲಿದ್ದೂ ಹೊರಬರದೆ ಸತಾಯಿಸಿ, ಅವರು ಹೋದ ಮೇಲೆ ತಾನಾಗಿ ಹೊಳೆಯುವ ಅನುಭವ ಸಭಿಕರಲ್ಲಿ ಅನೇಕರಿಗೆ ಇದ್ದೇ ಇರುತ್ತದೆ. ಹೆಸರು ಒಳಗೇ ಇತ್ತು. ಅದನ್ನು ಎಬ್ಬಿಸುವ ಸಾಧನ ಸಿಗಲಿಲ್ಲ. ನಮ್ಮ ನೈಯಾಯಿಕರು ಈ ವಿಷಯವನ್ನು ಬಹಳ ಸೂಕ್ಷ್ಮವಾಗಿ ಯೋಚಿಸಿದ್ದಾರೆ. ಅನುಭವ ಆತ್ಮದಲ್ಲಿ ಒಂದು ಸಂಸ್ಕಾರವನ್ನು ಬಿಟ್ಟುಹೋಗುತ್ತದೆ. ಆ ಸಂಸ್ಕಾರ ಸುಮ್ಮನೆ ಮಲಗಿರುತ್ತದೆ. ಅದನ್ನು ಎಚ್ಚರಿಸುವ 'ಉದ್ಬೋಧಕ' ಎದುರಾದಾಗ ಸ್ಮೃತಿ ಹುಟ್ಟುತ್ತದೆ. ಗೌತಮನ ನ್ಯಾಯಸೂತ್ರ ಇಂಥ ಉದ್ಬೋಧಕಗಳ ದೊಡ್ಡ ಪಟ್ಟಿಯನ್ನೇ ಕೊಡುತ್ತದೆ. ಮನಸ್ಸಿಟ್ಟು ನೆನೆಯುವುದು, ಅಭ್ಯಾಸ, ಗುರುತು, ಸಾದೃಶ್ಯ, ವಿಯೋಗ, ವಿರೋಧ, ಸುಖ, ದುಃಖ, ಭಯ ಮೊದಲಾದ ಇಪ್ಪತ್ತಕ್ಕೂ ಹೆಚ್ಚು ಕಾರಣಗಳು ಅಲ್ಲಿವೆ. ಕಲಿಯುವಾಗ ಜೊತೆಗಿದ್ದ ಸುಳಿವು ಮತ್ತೆ ಎದುರಾದರೆ ನೆನಪು ಸುಲಭವಾಗಿ ಮರಳುತ್ತದೆ ಎಂದು ಕೆನಡಾದ ಎಂಡೆಲ್ ಟಲ್ವಿಂಗ್ ಮತ್ತು ಅವರ ಸಹೋದ್ಯೋಗಿ 1973ರಲ್ಲಿ ಪ್ರತಿಪಾದಿಸಿದ ತತ್ತ್ವ ಈ ಪಟ್ಟಿಗೆ ದೂರದ್ದೇನೂ ಅಲ್ಲ.

ಕಾಳಿದಾಸನ ಉಂಗುರ ಇಂಥ ಉದ್ಬೋಧಕ. ನಾಟಕದ ಹೆಸರಿನಲ್ಲಿರುವ 'ಅಭಿಜ್ಞಾನ'ವೆಂದರೆ ಗುರುತಿಸಲು ನೆರವಾಗುವ ಕುರುಹು. ಶಕ್ರಾವತಾರದ ಶಚೀತೀರ್ಥದಲ್ಲಿ ನೀರಿಗೆ ಕೈಮುಗಿಯುವಾಗ ಅದು ಶಕುಂತಲೆಯ ಬೆರಳಿನಿಂದ ಜಾರಿಬೀಳುತ್ತದೆ. ರಾಜಸಭೆಯಲ್ಲಿ ಅವಳು ಹಳೆಯ ಪ್ರಸಂಗಗಳನ್ನು ಎಷ್ಟು ವಿವರಿಸಿದರೂ ರಾಜನಿಗೆ ನೆನಪಾಗುವುದಿಲ್ಲ. ಮೀನಿನ ಹೊಟ್ಟೆಯಲ್ಲಿ ಸಿಕ್ಕ ಉಂಗುರ ಬೆಸ್ತನ ಕೈಯಿಂದ ರಾಜನ ಕೈಗೆ ಬಂದ ಕ್ಷಣವೇ ಎಲ್ಲವೂ ನುಗ್ಗಿ ಬರುತ್ತದೆ. ಶಾಪವು ಸಂಸ್ಕಾರವನ್ನು ಅಳಿಸಿರಲಿಲ್ಲ, ದಾರಿಯನ್ನು ಮುಚ್ಚಿತ್ತು ಎಂಬುದಕ್ಕೆ ಐದನೆಯ ಅಂಕದಲ್ಲಿಯೇ ಒಂದು ಸೂಚನೆ ಇದೆ. ಅಂತಃಪುರದಿಂದ ಹಂಸಪದಿಕೆಯ ಹಾಡು ತೇಲಿಬಂದಾಗ ದುಷ್ಯಂತನಿಗೆ ಕಾರಣವಿಲ್ಲದೆ ಮನಸ್ಸು ಕದಡುತ್ತದೆ. ಯಾರೂ ಅಗಲಿಲ್ಲ, ಆದರೂ ಈ ತಳಮಳವೇಕೆ ಎಂದು ಅವನು ಅಚ್ಚರಿಪಡುತ್ತಾನೆ. ನೆನಪು ಬರದಿದ್ದರೂ ನೆನಪಿನ ನೋವು ಬರುತ್ತದೆ.

ಪುರಾಣಕಥೆಗಳಲ್ಲಿ ಮರೆವಿನ ಬೇರೆ ಬಗೆಗಳೂ ಇವೆ. ಬೇಕಾದ ಗಳಿಗೆಯಲ್ಲಿಯೇ ಬ್ರಹ್ಮಾಸ್ತ್ರದ ಮಂತ್ರ ಮರೆಯಲೆಂದು ಪರಶುರಾಮನಿಂದ ಶಪಿತನಾದವನು ಕರ್ಣ. ವರ್ಷವಿಡೀ ಓದಿ, ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಕಂಡೊಡನೆ ಎಲ್ಲವೂ ಖಾಲಿಯಾದಂತೆನಿಸುವ ವಿದ್ಯಾರ್ಥಿಗೆ ಈ ಕಥೆಯನ್ನು ವಿವರಿಸಬೇಕಾಗಿಲ್ಲ. ಭಯ, ಆತಂಕಗಳು ತೀವ್ರವಾದಾಗ ಮನಸ್ಸಿನ ಗಮನವೆಲ್ಲ ಅಪಾಯದ ಮೇಲೆಯೇ ನೆಟ್ಟು, ಗೊತ್ತಿದ್ದುದೂ ಕೈಗೆ ಸಿಗುವುದಿಲ್ಲ. ಭಗವದ್ಗೀತೆಯ ಎರಡನೆಯ ಅಧ್ಯಾಯ ಈ ಸರಪಳಿಯನ್ನು ಇನ್ನೊಂದು ಕಡೆಯಿಂದ ಹೇಳುತ್ತದೆ. ಆಸೆಯಿಂದ ಕೋಪ, ಕೋಪದಿಂದ ಮೋಹ, ಮೋಹದಿಂದ ಸ್ಮೃತಿಯ ಕೆಡುಕು, ಅದರಿಂದ ಬುದ್ಧಿನಾಶ. ಕೋಪ ಬಂದವನು ತಾನು ಯಾರು, ಎದುರಿಗಿರುವವರು ಯಾರು ಎಂಬುದನ್ನು ಮರೆತು ಮಾತನಾಡುವುದು ಎಲ್ಲರೂ ಕಂಡ ಸಂಗತಿ.

ಸುಗ್ರೀವನದು ಮತ್ತೊಂದು ಬಗೆ. ಮಳೆಗಾಲ ಕಳೆದೊಡನೆ ಸೀತೆಯನ್ನು ಹುಡುಕಿಸುತ್ತೇನೆಂದು ಮಾತು ಕೊಟ್ಟವನು, ರಾಜ್ಯ ಸಿಕ್ಕ ಸುಖದಲ್ಲಿ ಶರತ್ಕಾಲ ಬಂದುದನ್ನೂ ಗಮನಿಸಲಿಲ್ಲ. ಲಕ್ಷ್ಮಣ ಬಿಲ್ಲು ಹಿಡಿದು ಬಾಗಿಲಿಗೆ ಬಂದಾಗಲೇ ಅವನಿಗೆ ಎಚ್ಚರವಾದದ್ದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಇಂಥವರನ್ನು ಕುರಿತದ್ದು. ಇದು ಪೂರ್ತಿ ಮರೆವೂ ಅಲ್ಲ, ಪೂರ್ತಿ ವಂಚನೆಯೂ ಅಲ್ಲ. ನೆನಪಿಸಿಕೊಳ್ಳಲು ಮನಸ್ಸು ಬಾರದ ಸ್ಥಿತಿ. ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ 1901ರಲ್ಲಿ ದಿನನಿತ್ಯದ ಮರೆವುಗಳನ್ನು ಕುರಿತು ಪುಸ್ತಕವನ್ನೇ ಬರೆದು, ಅನೇಕ ಮರೆವುಗಳ ಹಿಂದೆ ಒಳಮನಸ್ಸಿನ ಇಷ್ಟಾನಿಷ್ಟಗಳಿವೆ ಎಂದು ವಾದಿಸಿದ. ಎಲ್ಲ ಮರೆವುಗಳಿಗೂ ಈ ಅಳತೆಗೋಲನ್ನು ಹಿಡಿಯುವುದನ್ನು ಇಂದಿನ ಮನಶ್ಶಾಸ್ತ್ರ ಒಪ್ಪುವುದಿಲ್ಲ. ಆದರೆ ಕೊಡಬೇಕಾದ ಸಾಲ ಮರೆತುಹೋಗುವಷ್ಟು ಸುಲಭವಾಗಿ ಬರಬೇಕಾದ ಸಾಲ ಮರೆತುಹೋಗುವುದಿಲ್ಲ ಎಂಬುದು ಲೋಕಾನುಭವ.

ಹಾಗಾದರೆ ಮರೆವೇ ಇಲ್ಲದಿದ್ದರೆ ಮನುಷ್ಯ ಸುಖಿಯಾಗಿರುತ್ತಿದ್ದನೇ? ರಷ್ಯಾದ ಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ ಶೆರೆಶೆವ್‌ಸ್ಕಿ ಎಂಬಾತನನ್ನು ದಶಕಗಳ ಕಾಲ ಪರೀಕ್ಷಿಸಿದ. ಉದ್ದುದ್ದ ಪಟ್ಟಿಗಳನ್ನು ಒಮ್ಮೆ ಕೇಳಿ, ಎಷ್ಟೋ ವರ್ಷಗಳ ಮೇಲೂ ಒಪ್ಪಿಸಬಲ್ಲವನಾಗಿದ್ದ ಆತ. ಅವನ ಕಷ್ಟವೆಂದರೆ ಮರೆಯುವುದು ಹೇಗೆಂದು ತಿಳಿಯದಿದ್ದುದು. ಒಂದೊಂದು ಶಬ್ದಕ್ಕೂ ಚಿತ್ರಗಳು ಎದ್ದು ನಿಲ್ಲುತ್ತಿದ್ದುದರಿಂದ ಸರಳವಾದ ವಾಕ್ಯದ ಸಾರವನ್ನು ಹಿಡಿಯುವುದೂ ಅವನಿಗೆ ಪ್ರಯಾಸವಾಗುತ್ತಿತ್ತು. ಬೇಡವಾದ ಪಟ್ಟಿಗಳನ್ನು ಕಾಗದದ ಮೇಲೆ ಬರೆದು ಸುಟ್ಟು ನೋಡಿದನಂತೆ. ಆದರೂ ಅವು ಹೋಗಲಿಲ್ಲ. ಮರೆವು ಮನಸ್ಸಿನ ಕಸ ಗುಡಿಸುವ ಕೆಲಸವನ್ನೂ ಮಾಡುತ್ತದೆ. ಸತ್ತವರ ದುಃಖ ಮೊದಲ ದಿನದಷ್ಟೇ ಹಸಿಯಾಗಿ ಉಳಿದಿದ್ದರೆ ಯಾವ ಮನೆಯಲ್ಲೂ ಮತ್ತೆ ಒಲೆ ಉರಿಯುತ್ತಿರಲಿಲ್ಲ.

ಹೀಗೆ ಬಹುಪಾಲು ಮರೆವು ಸ್ವಭಾವ. ಆದರೆ ಎಲ್ಲ ಮರೆವೂ ಸ್ವಭಾವವಲ್ಲ. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ಮೂರ್ಛೆರೋಗದ ಪರಿಹಾರಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಮಿದುಳಿನ ಎರಡೂ ಪಾರ್ಶ್ವಗಳಲ್ಲಿರುವ ಹಿಪೊಕ್ಯಾಂಪಸ್ ಎಂಬ ಭಾಗದ ಬಹಳಷ್ಟನ್ನು ತೆಗೆಯಲಾಯಿತು. ಮೂರ್ಛೆ ಕಡಿಮೆಯಾಯಿತು; ಆದರೆ ಹೊಸ ನೆನಪು ಕೂಡಿಡುವ ಶಕ್ತಿ ಹೋಯಿತು. ದಶಕಗಳ ಕಾಲ ತನ್ನನ್ನು ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಅವರನ್ನು ಆತ ಪ್ರತಿ ಸಲವೂ ಹೊಸಬರಂತೆ ಕಂಡ. 2008ರಲ್ಲಿ ತೀರಿಕೊಳ್ಳುವವರೆಗೂ ಅವನ ಸ್ಥಿತಿ ಅದೇ. ನೆನಪಿಗೆ ಮಿದುಳಿನಲ್ಲಿ ನಿರ್ದಿಷ್ಟವಾದ ನೆಲೆಯಿದೆ, ಆ ನೆಲೆ ಕೆಟ್ಟರೆ ಮನುಷ್ಯನ ಒಳ್ಳೆಯತನವಾಗಲಿ ಪ್ರಯತ್ನವಾಗಲಿ ಅದನ್ನು ತುಂಬಿಕೊಡಲಾರದು ಎಂಬುದನ್ನು ಲೋಕ ಅವನಿಂದ ಕಲಿಯಿತು.

ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ 1906ರಲ್ಲಿ ಮೊದಲಿಗೆ ವಿವರಿಸಿದ, ಮುಂದೆ ಅವನ ಹೆಸರನ್ನೇ ಪಡೆದ ಕಾಯಿಲೆಯಲ್ಲಿಯೂ ಹಿಪೊಕ್ಯಾಂಪಸ್ ಬೇಗನೆ ಹಾನಿಗೊಳಗಾಗುತ್ತದೆ. ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ, ಒಂದಲ್ಲ ಒಂದು ಬಗೆಯ ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿದೆ. ಅರವತ್ತಕ್ಕೆ ಅರಳು ಮರಳು ಎಂಬ ಮಾತು ಇಲ್ಲಿ ಎರಡು ರೀತಿಯಲ್ಲಿ ಅನ್ಯಾಯ ಮಾಡುತ್ತದೆ. ಆರೋಗ್ಯವಾಗಿರುವ ವೃದ್ಧರು ಒಂದು ಹೆಸರನ್ನು ತಡವರಿಸಿದರೂ ಅವರನ್ನು ಹಗುರವಾಗಿ ಕಾಣುವಂತೆ ಮಾಡುತ್ತದೆ. ನಿಜವಾಗಿ ಕಾಯಿಲೆಯಾದವರನ್ನು 'ವಯಸ್ಸಾಯಿತು, ಇನ್ನೇನು' ಎಂದು ಮೂಲೆಗೆ ಕೂರಿಸುತ್ತದೆ. ಬೀಗದ ಕೈ ಇಟ್ಟ ಜಾಗ ಮರೆತರೆ ಅದು ಸಾಮಾನ್ಯ. ಬೀಗದ ಕೈಯಿಂದ ಏನು ಮಾಡಬೇಕೆಂಬುದೇ ತಿಳಿಯದಿದ್ದರೆ, ನಿತ್ಯ ಓಡಾಡುವ ಬೀದಿಯಲ್ಲಿ ದಾರಿ ತಪ್ಪಿದರೆ, ಕೇಳಿದ್ದನ್ನೇ ಗಳಿಗೆಗೊಮ್ಮೆ ಕೇಳುತ್ತಿದ್ದರೆ ವೈದ್ಯರ ಬಳಿಗೆ ಹೋಗಬೇಕು. ಥೈರಾಯ್ಡ್ ಗ್ರಂಥಿಯ ದೋಷ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ನಿದ್ರಾಹೀನತೆ, ಕೆಲವು ಔಷಧಿಗಳು, ಮದ್ಯಪಾನ ಇವೆಲ್ಲವೂ ಮರೆವನ್ನು ತರಬಲ್ಲವು. ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆಯಿದೆ. ಮುಪ್ಪಿನ ಹೆಸರಿನಲ್ಲಿ ಕೈಬಿಟ್ಟರೆ ಗುಣವಾಗಬಹುದಾದವರೂ ಗುಣವಾಗದೆ ಉಳಿಯುತ್ತಾರೆ.

ಇಲ್ಲಿಯವರೆಗೆ ಹೇಳಿದ್ದರಿಂದ, ಮರೆತವನ ಮೇಲೆ ಯಾವ ಹೊಣೆಯೂ ಇಲ್ಲ ಎಂಬ ಅರ್ಥ ಬರುವುದಾದರೆ ಅದು ಸರಿಯಲ್ಲ. ಮರೆಯುವುದು ಮನುಷ್ಯನ ಕೈಯಲ್ಲಿಲ್ಲ. ಮರೆಯುತ್ತೇನೆಂದು ತಿಳಿದು ಮೊದಲೇ ಏರ್ಪಾಡು ಮಾಡಿಕೊಳ್ಳುವುದು ಅವನ ಕೈಯಲ್ಲಿದೆ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೊದಲ್ಲಿ ಬೋಯಿಂಗ್ ಕಂಪನಿಯ ಹೊಸ ಯುದ್ಧವಿಮಾನವೊಂದು ಪರೀಕ್ಷಾರ್ಥ ಹಾರಾಟದಲ್ಲಿ ಮೇಲೇರಿದೊಡನೆಯೇ ನೆಲಕ್ಕೆ ಅಪ್ಪಳಿಸಿತು. ವಿಮಾನ ನಿಂತಿರುವಾಗ ಅದರ ಚಾಲನಾ ಫಲಕಗಳು ಗಾಳಿಗೆ ಅಲುಗಾಡದಂತೆ ಹಾಕುವ ಬೀಗವನ್ನು ತೆಗೆಯದೆಯೇ ಹಾರಿಸಲಾಗಿತ್ತು. ನುರಿತ ಇಬ್ಬರು ಪೈಲಟರು ಪ್ರಾಣ ಕಳೆದುಕೊಂಡರು. ಅವರಿಗೆ ಕೆಲಸ ಗೊತ್ತಿರಲಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಆದ್ದರಿಂದ ಇನ್ನೂ ಜಾಣರಾದ ಪೈಲಟರನ್ನು ಹುಡುಕುವ ಬದಲು, ಹಾರುವ ಮೊದಲು ಒಂದೊಂದಾಗಿ ಓದಿ ಗುರುತು ಹಾಕಬೇಕಾದ ಪಟ್ಟಿಯೊಂದನ್ನು ಸಿದ್ಧಪಡಿಸಲಾಯಿತು. ಅಂದಿನಿಂದ ಆ ಪಟ್ಟಿಯಿಲ್ಲದ ವಿಮಾನಯಾನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೂ ಇಂಥದೇ ಪಟ್ಟಿಯನ್ನು ರೂಪಿಸಿತು. ನವದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ, ಶಸ್ತ್ರಚಿಕಿತ್ಸೆಯ ನಂತರದ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು.

ಹಳ್ಳಿಯ ಹೆಂಗಸರು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸಂತೆಗೆ ಹೋಗುವುದು ಇದೇ ಜಾಣತನ. ಆ ಗಂಟಿನಲ್ಲಿ ಏನೂ ಬರೆದಿಲ್ಲ. ಆದರೆ ಕೈಗೆ ತಗುಲಿದಾಗಲೆಲ್ಲ ಅದು 'ಏನೋ ಇದೆ' ಎಂದು ಎಚ್ಚರಿಸುತ್ತದೆ. ನೈಯಾಯಿಕರ ಭಾಷೆಯಲ್ಲಿ ಅದೊಂದು ಉದ್ಬೋಧಕ. ಕಾಳಿದಾಸನ ಭಾಷೆಯಲ್ಲಿ ಅಭಿಜ್ಞಾನ. ಔಷಧಿಯ ಚೀಟಿಯನ್ನು ಕಿಸೆಯ ಆಳದಲ್ಲಿಡದೆ ಚಪ್ಪಲಿಯ ಮೇಲಿಡುವ ಮಗ ಅಮ್ಮನನ್ನು ಹೆಚ್ಚು ಪ್ರೀತಿಸುತ್ತಾನೆಂದಲ್ಲ; ತನ್ನ ಮನಸ್ಸಿನ ದೌರ್ಬಲ್ಯವನ್ನು ಹೆಚ್ಚು ಬಲ್ಲ. ಜೊತೆಗಿರುವವರಿಗೂ ಒಂದು ಹೊಣೆಯಿದೆ. ಸಮುದ್ರದ ಎದುರು ತನ್ನ ಶಕ್ತಿ ತನಗೇ ನೆನಪಿಲ್ಲದೆ ಕುಳಿತಿದ್ದ ಹನುಮಂತನನ್ನು ಜಾಂಬವಂತ ಹೀಯಾಳಿಸಲಿಲ್ಲ. ಹುಟ್ಟಿನಿಂದ ಹಿಡಿದು ಅವನ ಕಥೆಯನ್ನು ಅವನಿಗೇ ಹೇಳಿದ. ಮರೆತವನಿಗೆ ಬೇಕಾದದ್ದು ಇಂಥ ಜಾಂಬವಂತ. ಮನೆಮನೆಗಳಲ್ಲಿ ಸಿಗುವವರು ಮಾತ್ರ ಹೆಚ್ಚಾಗಿ ದೂರ್ವಾಸರು.

ಕೊನೆಗೆ ಮತ್ತೆ ಶಾಕುಂತಲಕ್ಕೆ ಬರಬೇಕು. ಉಂಗುರ ಕಂಡು ನೆನಪು ಮರಳಿದಾಗ ದುಷ್ಯಂತನಿಗೆ ಶಾಪದ ವಿಷಯ ಗೊತ್ತಿರಲಿಲ್ಲ. ಅವನು ನೆಪ ಹುಡುಕಲಿಲ್ಲ. ವಸಂತೋತ್ಸವವನ್ನು ನಿಲ್ಲಿಸಿ, ತಪ್ಪೆಲ್ಲ ತನ್ನದೇ ಎಂದು ಕೊರಗಿದ. ವರ್ಷಗಳ ಮೇಲೆ ಮಾರೀಚರ ಆಶ್ರಮದಲ್ಲಿ ಹೆಂಡತಿ ಮಗನನ್ನು ಕಂಡಾಗ ಮೊದಲು ಅವಳ ಕಾಲಿಗೆ ಬಿದ್ದ. ಶಾಪದ ಸಂಗತಿಯನ್ನು ಮಾರೀಚರು ಹೇಳಿದ್ದು ಆಮೇಲೆ. ಅದನ್ನು ಕೇಳಿ ಶಕುಂತಲೆಗೆ ಸಮಾಧಾನವಾಗುತ್ತದೆ. ಗಂಡ ಬೇಕೆಂದೇ ತನ್ನನ್ನು ತಳ್ಳಲಿಲ್ಲ ಎಂಬುದಷ್ಟೇ ಅವಳಿಗೆ ಬೇಕಾಗಿದ್ದ ಉತ್ತರ. ಅದರೊಡನೆ ಅವಳಿಗೆ ಇನ್ನೊಂದು ವಿಚಾರವೂ ಹೊಳೆಯುತ್ತದೆ. ತನಗೆ ಶಾಪ ತಗುಲಿದ ನೆನಪೇ ಇಲ್ಲವಲ್ಲ, ವಿರಹದಲ್ಲಿ ಮನಸ್ಸು ಬರಿದಾಗಿದ್ದುದರಿಂದ ಆ ಮಾತು ಕೇಳಿಸಿರಲಿಕ್ಕಿಲ್ಲ ಎಂದುಕೊಳ್ಳುತ್ತಾಳೆ. ತನ್ನನ್ನು ಮರೆತವನನ್ನು ಕ್ಷಮಿಸುವ ಆ ಗಳಿಗೆಯಲ್ಲಿಯೇ ತಾನೂ ಒಂದು ದಿನ ಬಾಗಿಲಿಗೆ ಬಂದವರ ಕೂಗನ್ನು ಕೇಳಿಸಿಕೊಂಡಿರಲಿಲ್ಲ ಎಂಬುದು ಅವಳಿಗೆ ತಿಳಿಯುತ್ತದೆ.